ಅತ್ತೆಯ ಕಣ್ಣೆದುರು ಉಣ್ಣದ ಅಳಿಯ

ಆಸ್ಟ್ರೇಲಿಯಾದ ಈ ಲೋಗನ್ ಊರಿನಲ್ಲಿ ನನಗಿಂತ ಎತ್ತರದ ಬಸ್ ಡ್ರೈವರ್ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಾನು ಸ್ಟಾಪಿನಲ್ಲಿ ಇಳಿದು ಮೈ ಮುರಿದರೆ ಕರೆಂಟು ತಂತಿಯ ಮೇಲೆ ಕೂತ ಗಿಳಿಗಳು ಸರಿದು ಕೂತು ನನ್ನ ಮೊಣಕೈಗೆ ಜಾಗ ಮಾಡಿಕೊಡುತ್ತವೆ. ನಂಬಿಕೆ ಬರದಿದ್ದರೆ ನಮ್ಮ ನುಯೇರ್ ಜನರಲ್ಲಿ ಯಾರನ್ನಾದರೂ ಕೇಳಿ, ಗಟ್ವೆಚ್ ಎಂದರೆ ಸಾಕು. ನನ್ನ ಹೆಂಡತಿ ನ್ಯಾದೋತ್‌ಳನ್ನು ಮಾತ್ರ ಕೇಳಬೇಡಿ. ನನ್ನ ವಿಷಯ ಬಂದರೆ ಎಲ್ಲವನ್ನೂ ಕಾಲುಭಾಗಕ್ಕೆ ಇಳಿಸಿ ಹೇಳುವ ಕಾಯಿಲೆ ಅವಳಿಗಿದೆ.

ಕೊವಾಂಗ್ ನನ್ನ ತೀರಿಹೋದ ಅಣ್ಣನ ಮಗ. ಅವನನ್ನು ದಕ್ಷಿಣ ಸುಡಾನಿನಿಂದ ಇಲ್ಲಿಗೆ ಹೊತ್ತು ತಂದವನು ನಾನು. ಒಂದು ಹೆಗಲ ಮೇಲೆ ಅವನು, ಇನ್ನೊಂದರ ಮೇಲೆ ನಮ್ಮ ಮನೆಯ ಕಪ್ಪು ಹಸು. ಹಸುವಿಗೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿಲ್ಲವೆಂದು ಅದು ಮುನಿಸಿಕೊಂಡು ಹಿಂದಕ್ಕೆ ಹೋಯಿತು. ಹುಡುಗ ಬಂದ, ಬೆಳೆದ, ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಹಿಡಿದ. ಅವನಿಗೆ ಹೆಂಡತಿ ಸಿಕ್ಕದ್ದೂ ನನ್ನಿಂದಲೇ. ಒಂದು ಬೆಳಿಗ್ಗೆ ನನ್ನ ಬಸ್ಸಿನಲ್ಲಿ ಒಬ್ಬ ಸಮೋವಾ ಹುಡುಗಿ ಕಂಬಿ ಹಿಡಿದು ನಿಂತಿದ್ದಳು, ಎದುರಿಗೆ ಇವನು ಕೂತಿದ್ದ. ಕನ್ನಡಿಯಲ್ಲಿ ನೋಡಿದೆ, ಜೋಡಿ ಚೆನ್ನಾಗಿದೆ ಅನ್ನಿಸಿತು, ಬ್ರೇಕು ಒತ್ತಿದೆ. ಅವಳು ನೇರ ಅವನ ಮಡಿಲಿಗೆ ಬಿದ್ದಳು. ನಾಯಿ ಅಡ್ಡ ಬಂದಿತ್ತು ಎಂದು ನ್ಯಾದೋತ್ ಹೇಳುತ್ತಾಳೆ. ಬಂದಿರಬಹುದು, ಆದರೆ ಒತ್ತಿದ ಕಾಲು ನನ್ನದು.

ಹುಡುಗಿಯ ಹೆಸರು ಮನುಸೀನಾ. ನಮ್ಮಲ್ಲಿ ಹೆಣ್ಣು ಕೇಳುವುದೆಂದರೆ ಹಸುಗಳ ಮಾತು. ನಾನು ಅವರ ಮನೆಗೆ ಹೋಗಿ ಎದೆಯುಬ್ಬಿಸಿ ನೂರು ಹಸುಗಳನ್ನು ಬಣ್ಣ, ಕೊಂಬು, ಸ್ವಭಾವ ಸಮೇತ ವರ್ಣಿಸಿದೆ. ಒಂದೊಂದು ಹಸುವಿಗೂ ಅಲ್ಲೇ ಹಾಡು ಕಟ್ಟಿದೆ. ಹುಡುಗಿಯ ತಂದೆ ಪೆನಿ ಮೊದಲ ಹಾಡಿಗೇ ನಿದ್ದೆ ಹೋದ. ತಾಯಿ ತಿರೇಸಾ ಮಾತ್ರ ಕೊನೆಯ ಹಸುವಿನವರೆಗೂ ಕೇಳಿದಳು.

"ಅಷ್ಟೊಂದು ಹಸುನ ಎಲ್ಲಿ ಕಟ್ಲಿ ಬೀಗ್ರೇ, ಬಟ್ಟೆ ಒಣಗ್ಸೋ ತಂತಿಗಾ?" ಎಂದಳು. "ಹಸು ಬೇಡ, ಏನೂ ಬೇಡ. ನನ್ನ ಮಗಳನ್ನ ನೀವು ಚೆನ್ನಾಗಿ ನೋಡ್ಕೊಳ್ಳಿ. ನಿಮ್ಮ ಹುಡುಗನ್ನ ನಾನು ನೋಡ್ಕೋತೀನಿ. ಏನದು, ಒಣಗಿದ ಜೋಳದ ದಂಟು ಇದ್ದಂಗಿದಾನೆ! ಒಂದು ವರ್ಷ ನನ್ನ ಕೈಗೆ ಕೊಡಿ, ಬಾಗಿಲಲ್ಲಿ ಅಡ್ಡ ತಿರುಗಿ ಬರ್ಬೇಕು, ಹಂಗೆ ಮಾಡ್ತೀನಿ."

ಎಲ್ಲರೂ ನಕ್ಕರು. ಕೊವಾಂಗ್ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಬರಲಿರುವ ಗಂಡಾಂತರ ಅವನಿಗೆ ಆಗಲೇ ಕಂಡಿತ್ತು.

ಯಾಕೆಂದರೆ ನಮ್ಮಲ್ಲಿ ಅಳಿಯನಾದವನು ಅತ್ತೆಯ ಕಣ್ಣೆದುರು ಉಣ್ಣುವಂತಿಲ್ಲ. ಮೊದಲ ಮಗು ಹುಟ್ಟಿ, ಹಿರಿಯರು ಸೇರಿ ಅವನನ್ನು ಬಿಡುಗಡೆ ಮಾಡುವ ತನಕ ಅವನ ಬಾಯಿ ಅಲ್ಲಾಡುವುದನ್ನು ಅವಳು ನೋಡಬಾರದು. ನೋಡಿದಳೆಂದರೆ ಅವನು ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ. ಅತ್ತೆಯ ಮೇಲೆ ಗೌರವ ಹೆಚ್ಚಿದ್ದಷ್ಟೂ ಅವಳ ಮನೆಯಲ್ಲಿ ಹೊಟ್ಟೆ ಖಾಲಿ ಇರಬೇಕು. ಸಮೋವಾದವರಲ್ಲಿ ಇದು ಪೂರಾ ತಿರುಗುಮುರುಗು. ಮನೆಗೆ ಬಂದವನು ತಟ್ಟೆ ಮುಟ್ಟದೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದಂತೆ.

ಮದುವೆಯಾದ ಮೊದಲ ಭಾನುವಾರವೇ ಎರಡೂ ಡಿಕ್ಕಿ ಹೊಡೆದವು.

ಭಾನುವಾರ ಚರ್ಚು ಮುಗಿಸಿ ಬಂದವರಿಗೆಲ್ಲ ತಿರೇಸಾಳ ಮನೆಯಲ್ಲೇ ಊಟ. ಅವಳ ಅಡುಗೆಯ ವಾಸನೆಗೆ ವಿಮಾನಗಳು ದಾರಿ ತಪ್ಪಿ ಲೋಗನ್ ಮೇಲೆ ಸುತ್ತು ಹಾಕುವುದನ್ನು ನಾನೇ ಕಂಡಿದ್ದೇನೆ. ಹಿತ್ತಿಲಿನಲ್ಲಿ ಕಲ್ಲು ಕಾಯಿಸಿ, ಅದರ ಮೇಲೆ ಬಾಳೆಎಲೆ ಹೊದಿಸಿ ಕೆಸುವಿನ ಗೆಡ್ಡೆ, ಮೀನು, ಕೋಳಿ ಬೇಯಿಸುತ್ತಾಳೆ. ಎಲ್ಲಕ್ಕೂ ಮೇಲೆ ಪಲುಸಾಮಿ. ಎಳೆ ಕೆಸುವಿನ ಎಲೆಯೊಳಗೆ ಗಟ್ಟಿ ತೆಂಗಿನ ಹಾಲು, ಈರುಳ್ಳಿ ಇಟ್ಟು ಗಂಟು ಕಟ್ಟಿ ಬೇಯಿಸಿದ್ದು. ಅದನ್ನು ತಿಂದ ಒಬ್ಬ ಪಾದ್ರಿ ಮುಂದಿನ ವಾರದ ಬೋಧನೆಯಲ್ಲಿ ಸ್ವರ್ಗದ ವರ್ಣನೆಯನ್ನೇ ತಿದ್ದಿಕೊಂಡರಂತೆ.

ಕೊವಾಂಗ್ ಕಲ್ಲು ಕಾಯಿಸಿದ, ತಟ್ಟೆ ಹೊತ್ತ, ಹಿರಿಯರಿಗೆಲ್ಲ ಬಗ್ಗಿ ಬಗ್ಗಿ ಬಡಿಸಿದ. ಹೆಣ್ಣು ತಂದವನು ಹೆಣ್ಣಿನ ಮನೆಯವರಿಗೆ ದುಡಿಯಬೇಕೆಂಬುದು ಸಮೋವಾದವರ ರೂಢಿ. ತಿರೇಸಾ ಅಕ್ಕಪಕ್ಕದವರಿಗೆ ಕಣ್ಣಲ್ಲೇ ತೋರಿಸಿ ಹಿಗ್ಗಿದಳು. ಕೊನೆಗೆ ತಾನೇ ಒಂದು ತಟ್ಟೆ ತುಂಬಿ, ಅದರ ಮೇಲೆ ಇನ್ನೊಂದು ತಟ್ಟೆಯಷ್ಟು ಪೇರಿಸಿ ಅವನ ಮುಂದಿಟ್ಟಳು.

"ಕೂತ್ಕೊ ಮಗನೇ. ತಿನ್ನು."

"ಹೊಟ್ಟೆ ತುಂಬಿದೆ ಅತ್ತೆಮ್ಮ," ಎಂದ ಅವನು, ನೆಲ ನೋಡುತ್ತ. ಅದೇ ಗಳಿಗೆಯಲ್ಲಿ ಅವನ ಹೊಟ್ಟೆ ಗುಡುಗಿತು. ಆ ಶಬ್ದಕ್ಕೆ ಗ್ಯಾರೇಜಿನ ಬಾಗಿಲು ತಾನಾಗಿ ತೆರೆದುಕೊಂಡಿತೆಂದರೆ ನೀವು ನಂಬಬೇಕು.

ಮುಂದಿನ ಭಾನುವಾರವೂ ಅದೇ, ಅದರ ಮುಂದಿನದೂ ಅದೇ. ಅವಳು ತಟ್ಟೆ ಹಿಡಿದು ಅಡುಗೆಮನೆಗೆ ಬಂದರೆ ಇವನು ಹಿತ್ತಿಲಿನಲ್ಲಿ, ಹಿತ್ತಿಲಿಗೆ ಬಂದರೆ ಬೇಲಿಯಾಚೆ. ಮನುಸೀನಾ ತಾಯಿಗೆ ಬಿಡಿಸಿ ಹೇಳಿದಳು, "ಅಮ್ಮಾ, ಅದು ಅವ್ರ ಪದ್ಧತಿ. ನಿನ್ ಮೇಲಿನ ಗೌರವಕ್ಕೆ ತಿನ್ನಲ್ಲ."

"ಗೌರವಕ್ಕೆ ತಿನ್ನಲ್ವಂತೆ! ಉಣ್ದೇ ಇರೋದೂ ಒಂದು ಪದ್ಧತೀನಾ? ಸುಮ್ನಿರೇ. ನನ್ನ ಕೈ ಅಡುಗೆ ಸೇರಲ್ಲ ಅಂತ ನೇರ ಹೇಳೋಕೆ ಧೈರ್ಯ ಇಲ್ಲ ಅವನಿಗೆ."

ಇಂಥ ಸಮಯಕ್ಕೇ ದೇವರು ನನ್ನನ್ನು ಸೃಷ್ಟಿಸಿದ್ದು. ನಾನು ಒಂದು ಉಪಾಯ ಹೂಡಿದೆ. ಅಳಿಯನ ಬದಲು ಅವನ ಚಿಕ್ಕಪ್ಪ ಉಂಡರೆ ಅಳಿಯನೇ ಉಂಡಂತೆ ಎಂಬ ಹಳೆಯ ನುಯೇರ್ ನಿಯಮವನ್ನು ಮುಂದಿನ ಭಾನುವಾರ ಊಟಕ್ಕೆ ಸೇರಿದವರ ಮುಂದೆ ಸಾರಿದೆ. ಅದು ಎಷ್ಟು ಹಳೆಯದೆಂದರೆ ಆ ಬೆಳಿಗ್ಗೆ ಮುಖ ತೊಳೆಯುವಾಗ ನಾನೇ ಮಾಡಿದ್ದು. ಆಮೇಲೆ ಕೂತೆ. ಆ ದಿನ ನಾನು ಉಂಡ ಊಟವನ್ನು ಲೋಗನ್ನಿನ ಸಮೋವಾ ಜನ ಇವತ್ತಿಗೂ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಗೆಡ್ಡೆಗಳು ಗುಡ್ಡದಷ್ಟು, ಪಲುಸಾಮಿ ಬುಟ್ಟಿಗಟ್ಟಲೆ. ಮೀನುಗಳು ನನ್ನನ್ನು ಕಂಡು ಎರಡನೆಯ ಸಲ ಸತ್ತವು.

"ಸಾಕು ಮಾಡ್ರೀ," ಎಂದು ನ್ಯಾದೋತ್ ಮೇಜಿನ ಕೆಳಗೆ ಕಾಲು ತುಳಿದಳು.

"ಅಣ್ಣನ ಮಗನಿಗೋಸ್ಕರ ಕಣೇ, ನನಗಲ್ಲ," ಎಂದೆ. ಬಾಯಿ ತುಂಬಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಉಪಾಯ ಫಲಿಸಿತು, ಆದರೆ ತಲೆಕೆಳಗಾಗಿ. ತಿರೇಸಾ ನನ್ನನ್ನೂ ನೋಡಿದಳು, ಬಾಗಿಲ ಬಳಿ ದಂಟಿನಂತೆ ನಿಂತ ಹುಡುಗನನ್ನೂ ನೋಡಿದಳು.

"ಈಗ ಅರ್ಥ ಆಯ್ತು!" ಎಂದು ಸೌಟು ನನ್ನತ್ತ ತಿರುಗಿಸಿದಳು. "ಎಲ್ಲಾ ನೀವೇ ನುಂಗಿ ಆ ಮಗೂನ ಉಪವಾಸ ಕೆಡವ್ತಿದೀರ. ಏ ಕೊವಾಂಗ್, ಇವ್ರಿಗೆ ಹೆದರ್ಬೇಡ. ಬಾ, ನನ್ ಪಕ್ಕ ಕೂತು ತಿನ್ನು."

"ಇಲ್ಲ ಅತ್ತೆಮ್ಮ, ಚಿಕ್ಕಪ್ಪಂದೇನೂ ತಪ್ಪಿಲ್ಲ. ನನಗೆ ಬೇಡ."

"ಬೇಡ್ವಾ?"

"ಬೇಡ."

ಕೂತವರೆಲ್ಲ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಉಳಿದರು. ತಿರೇಸಾ ಸೌಟು ಕೆಳಗಿಟ್ಟಳು. ಅವಳು ಬೈಯುವಾಗ ನನಗೆ ಭಯವಾಗಲಿಲ್ಲ. ದನಿ ತಗ್ಗಿಸಿದಾಗ ಆಯಿತು.

"ಎಲ್ರ ಮುಂದೆ ಹೇಳ್ತಿದೀನಿ. ನನ್ನ ಮನೇಲಿ ಒಂದು ತುತ್ತು ತಿನ್ನದವನು ನನ್ನ ಮನೆಯವನಲ್ಲ. ಮಗಳು ಬೇಕಾದ್ರೆ ಬರ್ಲಿ. ಇವನು ಬರೋದ್ ಬೇಡ. ನಾನೂ ಅವನ ಹೊಸ್ತಿಲು ತುಳಿಯಲ್ಲ. ದೊಡ್ಡ ಜಂಬದವನು."

ಮನುಸೀನಾ ಅಳುತ್ತ ಗಂಡನ ಕೈ ಹಿಡಿದು ಎದ್ದಳು. ನಾವೆಲ್ಲ ಮನೆಗೆ ಹೋಗುವ ದಾರಿಯಲ್ಲಿ ಅವಳು ಅವನನ್ನು ಬೇಡಿಕೊಂಡಳು, "ಒಂದೇ ಒಂದು ತುತ್ತು ಕಣೋ. ಕಣ್ಣು ಮುಚ್ಕೊಂಡು ನುಂಗಿಬಿಡು. ನನಗೋಸ್ಕರ."

ಅವನು ನನ್ನ ಕಡೆ ತಿರುಗಿದ. "ಚಿಕ್ಕಪ್ಪ, ನನ್ನ ಅವ್ವ ಸತ್ತಾಗ ನಾನಿನ್ನೂ ಇಷ್ಟೇ ಇದ್ದೆ. ಅವಳ ಮುಖ ಕೂಡ ಸರಿಯಾಗಿ ನೆನಪಿಲ್ಲ. ಇವರು 'ಮಗನೇ' ಅಂತಾರಲ್ಲ, ಆಗೆಲ್ಲ ಎದೇಲಿ ಏನೋ ಆಗುತ್ತೆ. ಅಂಥವರ ಮುಂದೆ ಗಬಗಬ ತಿಂದು ಮರ್ಯಾದೆ ಕಳೀಲಾ? ಬೇರೆ ಯಾರ ಮುಂದಾದ್ರೂ ತಿಂತೀನಿ. ಇವರ ಮುಂದೆ ಆಗಲ್ಲ."

ಮುಂದಿನ ಭಾನುವಾರ ಅವನು ಮನುಸೀನಾಳನ್ನು ತವರಿನ ಬಾಗಿಲಿಗೆ ಬಿಟ್ಟು, ಬೀದಿಯ ತುದಿಯಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿಕೊಂಡು ಕಾದ. ಮೊದಲಿನಿಂದಲೂ ಒಂದು ಗುಟ್ಟಿತ್ತು. ಅವಳು ಪ್ರತಿ ವಾರ ತಾಯಿಯ ಕಣ್ಣು ತಪ್ಪಿಸಿ ಒಂದಷ್ಟು ಪಲುಸಾಮಿ ಕಟ್ಟಿ ತರುತ್ತಿದ್ದಳು, ಅವನು ಕಾರಿನಲ್ಲಿ ಕೂತು ತಿನ್ನುತ್ತಿದ್ದ. ತಿನ್ನುತ್ತಿದ್ದ ಎಂದರೆ ಕಡಿಮೆಯಾಯಿತು. ಎಲೆಯನ್ನು ನೆಕ್ಕುತ್ತಿದ್ದ, ಬೆರಳು ಚೀಪುತ್ತಿದ್ದ, ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಆ ಕಾರು ಊರಿಗೆಲ್ಲ ತೆಂಗಿನ ಹಾಲಿನ ವಾಸನೆ ಹರಡುತ್ತ ಓಡಾಡುತ್ತಿತ್ತು.

ಆ ದಿನ ತಿರೇಸಾ ಕಸದ ಡಬ್ಬಿಯನ್ನು ಬೀದಿಗೆ ತಳ್ಳಿಕೊಂಡು ಬಂದಳು. ಗಾಳಿಯಲ್ಲಿ ತನ್ನದೇ ಅಡುಗೆಯ ವಾಸನೆ ಬೀದಿಯ ತುದಿಯಿಂದ ಬರುತ್ತಿದೆ! ಡಬ್ಬಿ ಬಿಟ್ಟು ವಾಸನೆ ಹಿಡಿದು ನಡೆದಳು. ಕಾರಿನ ಗಾಜಿಗೆ ಮೂಗು ಒತ್ತಿ ನೋಡಿದರೆ, ಒಳಗೆ ಅಳಿಯ. ಬಾಯಿ ತುಂಬ ಪಲುಸಾಮಿ, ಗಲ್ಲಕ್ಕೆ ತೆಂಗಿನ ಹಾಲು.

"ಅಯ್ಯೋ ನನ್ ಕಂದಾ!" ಎಂದು ಅವಳು ಸಂತೋಷಕ್ಕೆ ಗಾಜು ಬಡಿದಳು. "ನನ್ನ ಅಡುಗೆ ಅಂದ್ರೆ ಇಷ್ಟು ಆಸೆನಾ ನಿನಗೆ? ತಿನ್ನೋ, ಇನ್ನೂ ತಿನ್ನೋ!"

ಕೊವಾಂಗ್ ಕಣ್ಣು ಬಿಟ್ಟ. ನಮ್ಮಷ್ಟು ಉದ್ದದ ಮನುಷ್ಯ ಸ್ಟಿಯರಿಂಗಿನ ಕೆಳಗೆ ಪೂರ್ತಿ ಮಾಯವಾಗುವುದು ಸಾಧ್ಯವಿಲ್ಲ. ಅವನು ಮಾಯವಾದ. ಆಮೇಲೆ ಕಾರು ಚಾಲಕನೇ ಕಾಣದಂತೆ ಬುರ್ರೆಂದು ಹೊರಟುಹೋಯಿತು. ತಾನು ಕಸದ ಡಬ್ಬಿ ತಂದದ್ದು ಮರೆತು ತಿರೇಸಾ ಬೀದಿಯ ಮಧ್ಯೆ ನಗುತ್ತ ನಿಂತಳು.

ಆದರೆ ಅವನು ನಗಲಿಲ್ಲ. ಮನೆಗೆ ಬಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ. ನಾನು ಹೋಗಿ ತಟ್ಟಿದರೆ ಒಳಗಿನಿಂದಲೇ ಹೇಳಿದ, "ಅತ್ತೆ ನೋಡಿಬಿಟ್ರು ಚಿಕ್ಕಪ್ಪ. ಕದ್ದು ತಿನ್ನೋದನ್ನ ನೋಡಿದ್ರು. ಇನ್ನು ಅವರಿಗೆ ಹೇಗೆ ಮುಖ ತೋರಿಸ್ಲಿ? ನಾನೂ ಮನುಸೀನಾನೂ ಬೇರೆ ಊರಿಗೆ ಹೋಗ್ತೀವಿ. ಪರ್ತ್‌ನಲ್ಲಿ ಕೆಲಸ ಇದೆಯಂತೆ."

ಪರ್ತ್ ಎಂದರೆ ಈ ದೇಶದ ಆಚೆ ತುದಿ. ನನ್ನ ಬಸ್ಸು ಅಷ್ಟು ದೂರ ಹೋಗುವುದಿಲ್ಲ. ನಾನು ಆ ಸಂಜೆಯೇ ನ್ಯಾದೋತ್‌ಳನ್ನು ಕರೆದುಕೊಂಡು ತಿರೇಸಾಳ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ಬನ್ನಿ ಬನ್ನಿ, ಎಲ್ಲಿ ನನ್ನ ಕಳ್ಳ? ಅವನಿಗೆ ಇನ್ನೊಂದು ಬುಟ್ಟಿ ಮಾಡಿಟ್ಟಿದೀನಿ."

ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನುಯೇರ್ ಜನರ ಮರ್ಯಾದೆಯ ಇತಿಹಾಸವನ್ನು ನೈಲ್ ನದಿ ಹುಟ್ಟುವ ಜಾಗದಿಂದ ಶುರು ಮಾಡಿದೆ. ನ್ಯಾದೋತ್ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಅಕ್ಕಾ, ಇವ್ರ ಮಾತು ಬಿಡಿ. ನನ್ನ ಕೇಳಿ. ಈ ಮನುಷ್ಯ ಇದಾರಲ್ಲ, ನಿಮ್ಮನೇಲಿ ಅರ್ಧ ಗುಡ್ಡ ತಿಂದೋರು. ಮದುವೆಯಾದ ಹೊಸದ್ರಲ್ಲಿ ನನ್ನವ್ವ ಬರೋದು ಕಂಡ್ರೆ ಮುದ್ದೆ ಬಿಟ್ಟು ಬೇಲಿ ಹಾರೋರು. ಒಂದ್ಸಲ ಮುಳ್ಳಿಗೆ ಸಿಕ್ಕಿ ನೇತಾಡ್ತಿದ್ರು, ಆದ್ರೂ ಬಾಯಲ್ಲಿದ್ದದ್ದನ್ನ ಅಗೀಲಿಲ್ಲ. ಅವ್ವ ಆಚೆ ಹೋಗೋವರೆಗೂ ಕೆನ್ನೆ ಉಬ್ಬಿಸ್ಕೊಂಡೇ ಇದ್ರು."

"ಮುಳ್ಳಲ್ಲ, ಸಿಂಹ," ಎಂದು ತಿದ್ದಿದೆ. "ಕೆಳಗೆ ಸಿಂಹ ಇತ್ತು."

ತಿರೇಸಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇವ್ರಾ? ಇವ್ರು ಅಗೀದೆ ಇದ್ರಾ?"

"ಹೂಂ ಅಕ್ಕಾ."

ಅವಳ ಮುಖದ ನಗು ಮೆಲ್ಲಗೆ ಇಳಿಯಿತು. ಮಗಳು ಎಷ್ಟು ಹೇಳಿದರೂ ನಂಬದವಳು, ನನ್ನಂಥ ಹೊಟ್ಟೆಬಾಕ ಬೇಲಿಗೆ ನೇತಾಡಿದ್ದನ್ನು ನಂಬಿದಳು. ಕುರ್ಚಿಯಲ್ಲಿ ಕುಸಿದು ಕೂತು ಹೇಳಿದಳು, "ಹಂಗಾದ್ರೆ ಅಷ್ಟು ದಿನ ಹಸ್ಕೊಂಡಿದ್ದದ್ದು ನನಗೋಸ್ಕರಾನೇ. ನಾನು ಚರ್ಚಿನವರ ಮುಂದೆಲ್ಲಾ ಜಂಬದವನು ಅಂದೆ. ಆಮೇಲೆ ಹೋಗಿ ಕಾರಲ್ಲಿ ಇಣುಕಿ ನೋಡ್ದೆ."

"ತಪ್ಪಾಯ್ತು ಅಂತ ಒಂದು ಫೋನ್ ಮಾಡಿಬಿಡಿ ಬೀಗಿತ್ತಿಯವರೇ," ಎಂದೆ.

"ಫೋನಾ?" ಎಂದು ಅವಳು ನನ್ನನ್ನು ಮಕ್ಕಳನ್ನು ನೋಡುವಂತೆ ನೋಡಿದಳು. "ನೀವು ಮನೆಗೆ ಹೋಗಿ."

ಮರುದಿನ ಬೆಳಿಗ್ಗೆ ಕೊವಾಂಗನ ಮನೆಯ ಮುಂದೆ, ಕಾರು ನಿಲ್ಲಿಸುವ ಸಿಮೆಂಟಿನ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಸಮೋವಾದವರು ಮಗಳಂತೆ ಕಾಪಾಡುವ ನಯವಾದ ಚಾಪೆ, ರೇಷ್ಮೆಯಷ್ಟು ಮೃದು, ಅಂಚಿಗೆ ಕೆಂಪು ಗರಿ. ಅದರ ಕೆಳಗೆ ಯಾರೋ ತಲೆ ಬಗ್ಗಿಸಿ ಕೂತಿದ್ದಾರೆ. ಪಕ್ಕದಲ್ಲಿ ಪೆನಿ, ಚರ್ಚಿಗೆ ಹಾಕುವ ಬಿಳಿ ಅಂಗಿ ತೊಟ್ಟು, ಕಾಲು ಮಡಿಸಿ ಮೌನವಾಗಿ ಕೂತಿದ್ದ.

ಮನುಸೀನಾಳ ಫೋನು ಬಂದ ಕೂಡಲೇ ನಾನು ಬಸ್ಸಿಗಿಂತ ಜೋರಾಗಿ ಓಡಿಬಂದೆ, ಹಿಂದೆಯೇ ನ್ಯಾದೋತ್. ಬಾಗಿಲಲ್ಲಿ ಅವಳು ಬಾಯಿಗೆ ಕೈ ಹಿಡಿದು ನಿಂತಿದ್ದಳು.

"ಏನಮ್ಮಾ ಇದು?"

"ಅಮ್ಮ, ಚಿಕ್ಕಪ್ಪ. ನಮ್ಮಲ್ಲಿ ಕೊಲೆಯಂಥ ದೊಡ್ಡ ತಪ್ಪಾದ್ರೆ ಹಿರಿಯರು ಹೀಗೆ ಬಂದು ಕೂರ್ತಾರೆ. ನೊಂದವರು ಬಂದು ಚಾಪೆ ಎತ್ತಿದ್ರೆ ಕ್ಷಮಿಸ್ದಂಗೆ. ಎತ್ತೋವರೆಗೂ ಏಳಲ್ಲ. ಬೇಡಮ್ಮಾ ಅಂದ್ರೆ ಕೇಳ್ತಿಲ್ಲ."

"ಕೊಲೆಗಾ? ಊಟ ನೋಡಿದ್ದಕ್ಕಾ?"

"ಅಮ್ಮನಿಗೆ ಎಲ್ಲವೂ ದೊಡ್ಡದೇ."

ಇಂಥವಳನ್ನು ಬೀಗಿತ್ತಿಯಾಗಿ ಪಡೆದದ್ದಕ್ಕೆ ನನಗೆ ಹೆಮ್ಮೆಯಾಯಿತು. ಬೀದಿಯಲ್ಲಿ ಜನ ಸೇರಿದರು. ಎದುರು ಮನೆಯ ಬಿಳಿ ಮುದುಕ ಗಿಡಕ್ಕೆ ನೀರು ಬಿಡುವುದು ನಿಲ್ಲಿಸಿ, "ಆ ಚಾಪೆ ಮಾರಾಟಕ್ಕಿದೆಯಾ?" ಎಂದು ವಿಚಾರಿಸಿದ. ಬಿಸಿಲು ಏರುತ್ತಿತ್ತು. ಕ್ವೀನ್ಸ್‌ಲ್ಯಾಂಡಿನ ಬಿಸಿಲು, ಸಿಮೆಂಟಿನ ಮೇಲೆ ಮೊಟ್ಟೆ ಒಡೆದರೆ ಮರಿ ಹುರಿದೇ ಹೊರಗೆ ಬರುತ್ತದೆ.

ಮುಂದಾಳು ನಾನಿರುವಾಗ ತಡವೇಕೆಂದು ಚಾಪೆಯ ಅಂಚಿಗೆ ಕೈ ಹಾಕಿದೆ. ಒಳಗಿನಿಂದ ಒಂದು ಕೈ ಬಂದು ನನ್ನ ಬೆರಳಿನ ಮೇಲೆ ಚಟಾರನೆ ಬಿತ್ತು.

"ನಿಮ್ಮನ್ನ ಯಾರೂ ನೋಯಿಸಿಲ್ಲ ಬೀಗ್ರೇ. ಆಚೆ ಹೋಗಿ."

ಕೊವಾಂಗ್ ಒಳಗೆ ಫ್ರಿಜ್ಜಿನ ಹಿಂದೆ ನಿಂತಿದ್ದ. ಅವನ ಅವಸ್ಥೆ ಹೇಳತೀರದು. ಅತ್ತೆ ಅಳಿಯನ ಮನೆಯ ಮುಂದೆ ನೆಲದಲ್ಲಿ ಕೂರುವುದೆಂದರೆ ನಮ್ಮವರಿಗೆ ಆಕಾಶ ಕಳಚಿ ಬಿದ್ದಂತೆ. ಎತ್ತದಿದ್ದರೆ ಅವಳು ಬಿಸಿಲಲ್ಲಿ ಬೇಯುತ್ತಾಳೆ. ಎತ್ತಿದರೆ, ನಿನ್ನೆ ತನ್ನ ಬಾಯಿ ನೋಡಿದ ಕಣ್ಣು ನೇರ ಎದುರಿಗೆ.

"ಹೋಗೋ," ಎಂದೆ.

"ಹೇಗೆ ಹೋಗ್ಲಿ ಚಿಕ್ಕಪ್ಪ? ಅವರ ಮುಖ ನೋಡಕ್ಕಾಗಲ್ಲ ನನಗೆ."

"ಅಮ್ಮನಿಗೆ ಬೆವರು ಸುರೀತಿದೆ ಕಣೋ," ಎಂದಳು ಮನುಸೀನಾ. ಅಷ್ಟೇ ಹೇಳಿದ್ದು.

ಅವನು ಹೊರಗೆ ಬಂದ. ಮೆಟ್ಟಿಲಿನಲ್ಲಿ ನಿಂತ, ತಲೆ ತಗ್ಗಿಸಿ ನಡೆದ, ಚಾಪೆಯ ಮುಂದೆ ಮಂಡಿಯೂರಿದ. ಅಂಚು ಹಿಡಿದ. ಅವನು ಚಾಪೆಯನ್ನು ಎತ್ತಲಿಲ್ಲ. ಅಂಚನ್ನು ಒಂದು ಗೇಣು ಸರಿಸಿ, ಕಣ್ಣು ಮುಚ್ಚಿಕೊಂಡು, ಬಗ್ಗಿ ತಾನೇ ಒಳಗೆ ನುಸುಳಿಬಿಟ್ಟ. ತಲೆ ಹೋಯಿತು, ಭುಜ ಹೋಯಿತು, ಸೊಂಟ ಹೋಯಿತು. ಕಾಲು ಮಾತ್ರ ಹೊರಗೆ ಉಳಿಯಿತು, ನಮ್ಮ ವಂಶದ ಕಾಲು ಮುಚ್ಚುವ ಚಾಪೆ ಈ ಲೋಕದಲ್ಲಿಲ್ಲ.

ಪೆನಿ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಮೊದಲ ಬಾರಿಗೆ ನನಗೂ ತಿಳಿಯಲಿಲ್ಲ. ಚಾಪೆಯ ಹತ್ತಿರ ಕಿವಿ ಇಟ್ಟೆ.

"ಯಾರದು?" ತಿರೇಸಾಳ ದನಿ.

"ನಾನು ಅತ್ತೆಮ್ಮ."

"ಯಾರೋ ಏನೋ. ಇಲ್ಲಿ ಕತ್ತಲು. ನನಗೆ ಏನೂ ಕಾಣ್ಸಲ್ಲ."

"ನನಗೂ ಕಾಣ್ಸಲ್ಲ," ಎಂದ ಅವನು.

"ನಿಜವಾಗ್ಲೂ?"

"ನಿಜವಾಗ್ಲೂ ಅತ್ತೆಮ್ಮ."

"ಮಡಿಲಲ್ಲಿ ಒಂದು ಗಂಟು ಇಟ್ಕೊಂಡು ಬಂದಿದೀನಿ. ನೀನು ಕ್ಷಮಿಸಿದ್ರೆ ನಿನಗೆ ಅಂತ, ಇಲ್ದಿದ್ರೆ ಇಲ್ಲೇ ಕೂತು ನಾನೇ ತಿನ್ನೋಣ ಅಂತ. ಬಿಸಿ ಇದೆ ಇನ್ನೂ. ಬಾಯಿ ತೆಗಿ ನೋಡೋಣ. ನೋಡಲ್ಲ, ನೋಡಲ್ಲ, ಸುಮ್ನೆ ಅಂದೆ. ತೆಗಿ."

ಎಲೆ ಬಿಚ್ಚಿದ ಸದ್ದು. ತೆಂಗಿನ ಹಾಲಿನ ವಾಸನೆ ಚಾಪೆಯ ನೇಯ್ಗೆಯಿಂದ ಹೊರಗೆ ಹರಿದು ಬೀದಿಯೆಲ್ಲ ತುಂಬಿತು. ಆಮೇಲೆ ಅಗಿಯುವ ಸದ್ದು. ಆ ಸದ್ದನ್ನು ನಾನೇನೂ ದೊಡ್ಡದು ಮಾಡಿ ಹೇಳುವುದಿಲ್ಲ, ಬಹಳ ಮೆಲ್ಲಗಿತ್ತು. ಮನುಸೀನಾ ಸಿಮೆಂಟಿನ ಮೇಲೆ ಕೂತು ಅವನ ಪಾದದ ಮೇಲೆ ಕೈ ಇಟ್ಟಳು.

"ಉಪ್ಪು ಸರಿಯಾಗಿದ್ಯಾ?" ಕೇಳಿದಳು ತಿರೇಸಾ.

ಅವನು ಇನ್ನೊಂದು ತುತ್ತು ಅಗಿದು ನೋಡಿದ. ನಮ್ಮ ಇಡೀ ಕುಲದ ಮರ್ಯಾದೆ ಅವನ ಉತ್ತರದ ಮೇಲೆ ನಿಂತಿತ್ತು.

"ಒಂಚೂರು ಜಾಸ್ತಿ ಆಗಿದೆ ಅತ್ತೆಮ್ಮ."

ಅವಳ ಅಡುಗೆಗೆ ಹೆಸರಿಡುವ ಧೈರ್ಯ ಪೆನಿಗೂ ಇರಲಿಲ್ಲ, ಪಾದ್ರಿಗೂ ಇರಲಿಲ್ಲ. ನ್ಯಾದೋತ್ ಕಣ್ಣು ಮುಚ್ಚಿಕೊಂಡಳು. ಚಾಪೆ ಒಮ್ಮೆ ಅಲುಗಿತು, ಮತ್ತೆ ಅಲುಗಿತು, ಆಮೇಲೆ ಇಡೀ ಗುಡ್ಡವೇ ಕುಲುಕತೊಡಗಿತು. ಒಳಗಿನಿಂದ ತಿರೇಸಾಳ ನಗು, ಅದರ ಜೊತೆಗೆ ನಾನು ಅಷ್ಟು ವರ್ಷ ಸಾಕಿದರೂ ಒಂದು ದಿನವೂ ಕೇಳದಷ್ಟು ದೊಡ್ಡದಾದ ಕೊವಾಂಗನ ನಗು.

"ಎತ್ತೋಣ್ವಾ ಇನ್ನು?" ಎಂದು ಪೆನಿ ಮೆಲ್ಲಗೆ ಕೇಳಿದ.

"ಯಾರೂ ಮುಟ್ಬೇಡಿ," ಎಂದಿತು ಚಾಪೆ. "ನನ್ನ ಮಗ ಇನ್ನೂ ಊಟ ಮಾಡ್ತಿದಾನೆ."